ಜ್ವರಕ್ಕೆ ರಕ್ತ ಹರಿಸಿದ ಕಾಲ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಮಳೆಗಾಲದಲ್ಲಿ ಯಾರಿಗಾದರೂ ಜ್ವರವೆಂದರೆ ಈಗ ಮೊದಲು ಕೇಳುವುದು ‘ಪ್ಲೇಟ್‌ಲೆಟ್ ಎಷ್ಟಿದೆ’ ಎಂದು. ರಕ್ತದ ಬಗ್ಗೆ ಇಷ್ಟು ಅಂಜುವ ನಾವು, ಇಂಥದೇ ಜ್ವರಕ್ಕೆ ರಕ್ತವನ್ನೇ ಹರಿಸಿದ ಕಾಲವೊಂದಿತ್ತು ಎಂಬುದನ್ನು ಮರೆಯಬಾರದು.

ರಕ್ತ ತೆಗೆಯುವ ಚಿಕಿತ್ಸೆ ನಮ್ಮಲ್ಲೂ ಹಳೆಯದು. ಸುಶ್ರುತ ಜಿಗಣೆಗಳನ್ನೇ ಹನ್ನೆರಡು ಬಗೆಯಾಗಿ ವಿಂಗಡಿಸಿದ. ಮಕ್ಕಳು, ಮುದುಕರು, ನಿತ್ರಾಣರಿಗೆ ಜಿಗಣೆಯೇ ಸಾಕೆಂದ, ತೆಗೆಯುವ ರಕ್ತಕ್ಕೆ ಮಿತಿಯನ್ನೂ ಹಾಕಿದ. ಆ ಮಿತಿ ಪೂರ್ತಿ ಕಳಚಿಬಿದ್ದದ್ದು 1793ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ.

ಅಲ್ಲಿ ಹಳದಿ ಜ್ವರ ಹಬ್ಬಿತ್ತು. ಉಳ್ಳವರು ಊರು ಬಿಟ್ಟರು. ಡಾ. ಬೆಂಜಮಿನ್ ರಷ್ ಮಾತ್ರ ಉಳಿದು ಬಡವರ ಮನೆಮನೆಗೆ ಹೋದರು. ದೊಡ್ಡ ಮನುಷ್ಯ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು. 1780ರಲ್ಲಿ ಅದೇ ಊರಿನಲ್ಲಿ ಕಂಡ ಮೂಳೆ ಮುರಿಯುವಂಥ ಜ್ವರವನ್ನು, ಅಂದರೆ ಡೆಂಗಿಯನ್ನು, ವಿವರವಾಗಿ ಬರೆದಿಟ್ಟವರೂ ಅವರೇ. ಆದರೆ ರಕ್ತನಾಳಗಳು ಕೆರಳುವುದೇ ಜ್ವರದ ಮೂಲವೆಂದು ನಂಬಿ, ಹೋದಲ್ಲೆಲ್ಲ ನರ ಕೊಯ್ದರು. ದೇಹದಲ್ಲಿ ಇರುವುದರ ಎರಡರಷ್ಟು ರಕ್ತವಿದೆಯೆಂದು ಎಣಿಸಿದ್ದರಿಂದ ಕೈಗೆ ತಡೆಯೇ ಇರಲಿಲ್ಲ. ತಮಗೆ ಜ್ವರ ಬಂದಾಗಲೂ ರಕ್ತ ತೆಗೆಸಿಕೊಂಡು ಬದುಕಿದರು. ನಂಬಿಕೆ ಇನ್ನಷ್ಟು ಬಲಿಯಿತು. ಸುಮಾರು 50 ಸಾವಿರ ಜನರಿದ್ದ ಊರಿನಲ್ಲಿ 5 ಸಾವಿರದಷ್ಟು ಮಂದಿ ಸತ್ತರು.

1797ರಲ್ಲಿ ಜ್ವರ ಮರಳಿದಾಗ ಪತ್ರಕರ್ತ ವಿಲಿಯಂ ಕಾಬೆಟ್ ತಿರುಗಿಬಿದ್ದರು. ಸಾವಿನ ಪಟ್ಟಿಯನ್ನೇ ಮುಂದಿಟ್ಟು, ರಷ್ ಚಿಕಿತ್ಸೆ ಕೊಲ್ಲುತ್ತಿದೆ ಎಂದು ಬರೆದರು. ರಷ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 1799ರ ಡಿಸೆಂಬರ್ 14ರಂದು ಕಾಬೆಟ್‌ಗೆ 5 ಸಾವಿರ ಡಾಲರ್ ದಂಡ ಬಿತ್ತು. ಅದೇ ರಾತ್ರಿ ಜಾರ್ಜ್ ವಾಷಿಂಗ್ಟನ್ ಗಂಟಲ ಬೇನೆಯಿಂದ ತೀರಿಕೊಂಡರು. ಹಗಲಿಡೀ ಅವರ ಮೈಯಿಂದ ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆದಿದ್ದರು. ಕಾಬೆಟ್ ಹಿಡಿದ ಲೆಕ್ಕದ ದಾರಿ ಮಾತ್ರ ಸೋಲಲಿಲ್ಲ. 1835ರಲ್ಲಿ ಪ್ಯಾರಿಸ್ಸಿನ ಪಿಯೆರ್ ಲೂಯಿ ನ್ಯುಮೋನಿಯಾ ರೋಗಿಗಳನ್ನು ಎಣಿಸಿ, ಬೇಗ ರಕ್ತ ತೆಗೆಸಿಕೊಂಡವರಲ್ಲೇ ಸಾವು ಹೆಚ್ಚೆಂದು ತೋರಿಸಿದರು.

ನನ್ನ ಹೊಟ್ಟೆ ಉರಿಸುವುದು ಇನ್ನೊಂದು ಸಂಗತಿ. 1793ರ ಆಗಸ್ಟ್‌ನಲ್ಲೇ ಆ ಊರಿನ ಪತ್ರಿಕೆಗೆ ‘ಎ.ಬಿ.’ ಎಂಬ ಸಹಿಯ ಪತ್ರ ಬಂದಿತ್ತು: ಮಳೆನೀರಿನ ಪೀಪಾಯಿಗಳಲ್ಲಿ ಸೊಳ್ಳೆ ಹುಟ್ಟುತ್ತವೆ, ಎಣ್ಣೆ ಸುರಿದರೆ ಸಾಯುತ್ತವೆ. ಆಗ ಸೊಳ್ಳೆ ಬರೀ ಕಾಟ. ಅದೇ ಹಳದಿ ಜ್ವರ ತರುತ್ತದೆಂದು ವಾಲ್ಟರ್ ರೀಡ್ ತಂಡ ಸಾಬೀತು ಮಾಡಿದ್ದು 1900ರಲ್ಲಿ. ಬಿಟ್ಟಿ ಉಪಾಯ ಅಚ್ಚಾಗಿ ಉಳಿಯಿತು, ಕತ್ತಿ ಗೆದ್ದಿತು.

ಅದೇ ಈಡಿಸ್ ಸೊಳ್ಳೆ ಡೆಂಗಿಯನ್ನೂ ಚಿಕೂನ್‌ಗುನ್ಯಾವನ್ನೂ ಹರಡುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ಹಿಂಡಿದ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಇತ್ತು. ಡೆಂಗಿ ಬಿಗಡಾಯಿಸಿದಾಗ ರಕ್ತದ ದ್ರವ ನಾಳಗಳಿಂದ ಸೋರಿ ರಕ್ತ ಗಟ್ಟಿಯಾಗುತ್ತದೆ. ಆಗ ಬೇಕಾದದ್ದು ಅಳತೆಯರಿತು ದ್ರವ ಕೊಡುವ ಆಸ್ಪತ್ರೆ. ರಕ್ತ ತೆಗೆಯುವುದು ಪ್ರಾಣಕ್ಕೇ ಸಂಚಕಾರ.

ಈ ಸೊಳ್ಳೆಗೆ ಕೆರೆ ಬೇಕಿಲ್ಲ. ಕುಡಿದೆಸೆದ ಎಳನೀರು ಬುರುಡೆ, ಅಂಗಾತ ಬಿದ್ದ ಚಿಪ್ಪು, ಮುಚ್ಚಳವಿಲ್ಲದ ತೊಟ್ಟಿ ಸಾಕು. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಕಾಯಿಲೆ ಬಿದ್ದಮೇಲೆ ಹೊಗೆ ಹೊಡೆಸುವ ಪಂಚಾಯಿತಿಗಳು ಮುಂಗಾರಿಗೆ ಮೊದಲೇ ಬುರುಡೆ, ಚಿಪ್ಪು ಸಾಗಿಸಲಿ. ತೋಟದವರು ವಾರಕ್ಕೊಮ್ಮೆ ಉಳಿದದ್ದನ್ನು ಬೋರಲು ಹಾಕಲಿ, ತೊಟ್ಟಿ ಬರಿದು ಮಾಡಿ ತಿಕ್ಕಲಿ. ಇದಕ್ಕೆ ದುಡ್ಡೂ ಬೇಡ, ವೈದ್ಯರೂ ಬೇಡ.