ಬಾಲಿಗಂಜ್‌ನ ಹಸಿ ಅಂಕಿ, ಮುಳ್ಳಯ್ಯನಗಿರಿಯ ಎರಡು ಎತ್ತರ

ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಬೆಟ್ಟವಿಲ್ಲ, ದಿಬ್ಬವೂ ಇಲ್ಲ. ಸಮುದ್ರಮಟ್ಟದಿಂದ ಹತ್ತು ಮೀಟರ್ ಕೂಡ ಮೇಲೇಳದ ಚಪ್ಪಟೆ ನೆಲ ಅದು. ಕಲ್ಕತ್ತ ವಿಶ್ವವಿದ್ಯಾಲಯದ ಭೂಗೋಳ ವಿಭಾಗ ಇರುವುದು ಇಲ್ಲಿನ ಬಾಲಿಗಂಜ್ ಸರ್ಕ್ಯುಲರ್ ರಸ್ತೆಯಲ್ಲಿ. ಅಲ್ಲಿ ನಿಂತು ಮೊಬೈಲಿನ ಜಿಪಿಎಸ್‌ನ ಹಸಿ ಅಂಕಿಯನ್ನು ಓದಿದರೆ, ನೀವು ಸೊನ್ನೆಗಿಂತ ಸುಮಾರು ಐವತ್ತು ಮೀಟರ್ ಕೆಳಗಿದ್ದೀರಿ ಎಂದು ಅದು ಹೇಳುತ್ತದೆ!

ಮೊಬೈಲ್ ಕೆಟ್ಟಿಲ್ಲ. ಉಪಗ್ರಹಗಳು ಎತ್ತರವನ್ನು ಲೆಕ್ಕ ಹಾಕುವುದು ಸಮುದ್ರದಿಂದಲ್ಲ, ಭೂಮಿಗೆ ಹೊಂದುವಂತೆ ಗಣಿತದಲ್ಲಿ ಕಟ್ಟಿದ ನುಣುಪಾದ ಅಂಡಗೋಳದಿಂದ. ನಿಜವಾದ ಸಮುದ್ರ ಅಷ್ಟು ನುಣುಪಲ್ಲ. ಗುರುತ್ವದ ಏರಿಳಿತಕ್ಕೆ ತಕ್ಕಂತೆ ಅದು ಕೆಲವೆಡೆ ಉಬ್ಬಿದೆ, ಕೆಲವೆಡೆ ತಗ್ಗಿದೆ. ಈ ಅಂಕುಡೊಂಕು ಮೇಲ್ಮೈಗೆ ಜಿಯಾಯ್ಡ್ ಎನ್ನುತ್ತಾರೆ. ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು ಇರುವುದು ನಮ್ಮ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರ ಅಂಡಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಬೆಂಗಳೂರಿನ ಸುತ್ತ ಈ ವ್ಯತ್ಯಾಸ ಎಂಬತ್ತು ಮೀಟರ್ ದಾಟುತ್ತದೆ. ತಿದ್ದದ ಅಂಕಿಯನ್ನು ಹಾಗೇ ಬರೆದುಬಿಟ್ಟರೆ ನಂದಿಬೆಟ್ಟ ಒಂದೇ ಏಟಿಗೆ ಅಷ್ಟು ಕುಗ್ಗುತ್ತದೆ.

ಇದನ್ನಿಲ್ಲಿ ಹೇಳಲು ಕಾರಣವಿದೆ. ಎಲ್ಲರೂ ಸೇರಿ ಕಟ್ಟುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್, ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್ ಎರಡೂ ಹುಟ್ಟಿದ್ದು 2004ರಲ್ಲಿ. ಅಂದಿನಿಂದ ಬೆಟ್ಟ ಹತ್ತುವವರು ಯಾರ ಸಂಬಳವೂ ಇಲ್ಲದೆ ಶಿಖರಗಳ ಜಾಗ, ಎತ್ತರ, ಚಿತ್ರಗಳನ್ನು ಎಲ್ಲರಿಗೂ ಸಿಗುವಂತೆ ಸೇರಿಸುತ್ತಿದ್ದಾರೆ. ಬಹಳ ಬೆಲೆಬಾಳುವ ಕೆಲಸ ಇದು. ಆದರೆ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನೇ ತೆಗೆದುಕೊಳ್ಳಿ: ಒಂದೆಡೆ 1930 ಮೀಟರ್, ಇನ್ನೊಂದೆಡೆ 1925. ಯಾವುದನ್ನು ನಂಬಬೇಕು? ಅಂಕಿಯ ಪಕ್ಕದಲ್ಲಿ ಅಳೆದ ಬಗೆ ಬರೆದಿಲ್ಲದಿದ್ದರೆ ಉತ್ತರ ಹೇಳುವುದು ಕಷ್ಟ.

ಅಳತೆಯ ಪ್ರತಿ ದಾರಿಗೂ ಅದರದೇ ತಪ್ಪುಗಳಿವೆ. ಕೆಲವು ಮೊಬೈಲು, ಕೈಗಡಿಯಾರಗಳಲ್ಲಿರುವ ವಾಯುಭಾರಮಾಪಕ ಗಾಳಿಯ ಒತ್ತಡದಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ ಇಳಿಕೆಯನ್ನು ಎಂಟೊಂಬತ್ತು ಮೀಟರ್ ಏರಿಕೆ ಎಂದು ಓದುತ್ತದೆ. ನೀವು ಕೂತಲ್ಲೇ ಕೂತಿದ್ದರೂ ಮೋಡ ಕವಿದು ಒತ್ತಡ ಬಿದ್ದರೆ ಬೆಟ್ಟ ಬೆಳೆಯುತ್ತದೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಭೂಮಿಯ ಎತ್ತರಗಳು ಈಗ ಎಲ್ಲರಿಗೂ ಉಚಿತ. ಅದರಲ್ಲಿ ಸುಮಾರು 30 ಮೀಟರ್ ಅಗಲದ ಒಂದು ಚೌಕಕ್ಕೆ ಒಂದೇ ಎತ್ತರ. ಹಾಗಾಗಿ ಚೂಪಾದ ತುದಿ ಸುತ್ತಲಿನ ಇಳಿಜಾರಿನೊಡನೆ ಬೆರೆತು ಮೊಂಡಾಗುತ್ತದೆ.

ಅಳೆದ ಬಗೆಯನ್ನು ಬರೆದಿಡಬೇಕೆಂಬ ಪಾಠವನ್ನು ಕೋಲ್ಕತ್ತ ಹಿಂದೆಯೇ ಕಲಿಸಿದೆ. 1830ರ ದಶಕದ ಆರಂಭದಲ್ಲಿ ಅಲ್ಲಿನ ಬ್ಯಾರಕ್‌ಪುರ ಟ್ರಂಕ್ ರಸ್ತೆಯ ಉದ್ದಕ್ಕೆ ಭಾರತವನ್ನು ಅಳೆಯುತ್ತಿದ್ದ ಮಹಾ ತ್ರಿಕೋನಮಿತೀಯ ಸರ್ವೆಯ ಆಧಾರರೇಖೆಯನ್ನು ಅಳೆದರು. ಸುತ್ತ ಬೆಟ್ಟವಿಲ್ಲದ್ದರಿಂದ ಅದರ ಎರಡು ತುದಿಗೂ ಗೋಪುರ ಕಟ್ಟಬೇಕಾಯಿತು. ಆ ಸರ್ವೆಯ ಮುಖ್ಯ ಲೆಕ್ಕಿಗರಾಗಿದ್ದ ರಾಧಾನಾಥ ಸಿಕ್ದಾರ್, ನೂರೈವತ್ತು ಕಿಲೊಮೀಟರಿಗೂ ದೂರದ ಆರು ನೆಲೆಗಳಿಂದ ನೋಡಿದ ಕೋನಗಳನ್ನಿಟ್ಟುಕೊಂಡು ಆಗ ಹದಿನೈದನೇ ಶಿಖರ ಎನಿಸಿದ್ದ ಬೆಟ್ಟದ ಎತ್ತರವನ್ನು ಲೆಕ್ಕ ಹಾಕಿದರು. ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಕಳೆದರು. 1856ರಲ್ಲಿ ಪ್ರಕಟವಾದ ಅಂಕಿ 29,002 ಅಡಿ. ಆ ಶಿಖರವೇ ಎವರೆಸ್ಟ್. ಇಂದಿನ ಎತ್ತರಕ್ಕೂ ಆ ಅಂಕಿಗೂ ಸುಮಾರು ಮೂವತ್ತು ಅಡಿ ಅಂತರ. ಎಲ್ಲಿಂದ ನೋಡಿದರು, ಏನನ್ನು ಕಳೆದರು ಎಂಬುದು ದಾಖಲೆಯಲ್ಲಿದ್ದುದರಿಂದಲೇ ಮುಂದಿನವರಿಗೆ ಆ ಲೆಕ್ಕವನ್ನು ತಿದ್ದಲು ಸಾಧ್ಯವಾಯಿತು.

ಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಕುದುರೆಮುಖಕ್ಕೆ ಆ ಹೆಸರು ತಂದ ಆಕಾರ ಕಾಣುವುದು ಸಂಸೆ ಎಂಬ ಊರಿನ ಕಡೆಯಿಂದ. ಅಲ್ಲಿಂದ ತೆಗೆದ ಚಿತ್ರದೊಳಗೆ ಮೊಬೈಲ್ ಬರೆದಿಡುವ ಅಕ್ಷಾಂಶ, ರೇಖಾಂಶ ನೀವು ನಿಂತ ಜಾಗದ್ದು, ಬೆಟ್ಟದ್ದಲ್ಲ. ಎರಡನ್ನೂ ಬೇರೆ ಬೇರೆಯಾಗಿ ನಮೂದಿಸದಿದ್ದರೆ ಶಿಖರವೇ ಊರೊಳಗೆ ಬಂದು ಕೂರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹೆಸರು. ಸಾವನದುರ್ಗ ಎಂದು ಬರೆದು ಮುಗಿಸುವವರೇ ಹೆಚ್ಚು. ಅದರೊಳಗೆ ಬಿಳಿಗುಡ್ಡ, ಕರಿಗುಡ್ಡ ಎಂಬ ಎರಡು ಬೆಟ್ಟಗಳಿವೆ. ಎತ್ತರವನ್ನು ನಾಳೆ ಯಾವುದೋ ಉಪಗ್ರಹ ಮತ್ತೆ ಅಳೆದೀತು. ದನ ಮೇಯಿಸುವ ಅಜ್ಜ ಕರೆಯುವ ಹೆಸರನ್ನು ಯಾವ ಉಪಗ್ರಹವೂ ಕೇಳಿಸಿಕೊಳ್ಳದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕನ್ನಡದ ಹೆಸರಿಗೆಂದೇ ಜಾಗವಿದೆ. ಮುಂದಿನ ಸಲ ಬೆಟ್ಟ ಹತ್ತುವಾಗ ನಾಲ್ಕು ದಿಕ್ಕಿನಿಂದ ಚಿತ್ರ ತೆಗೆಯಿರಿ, ಎತ್ತರದ ಜೊತೆಗೆ ಅಳೆದ ಬಗೆಯನ್ನೂ ಬರೆಯಿರಿ. ಇಳಿದ ಮೇಲೆ ಬುಡದ ಊರಿನವರನ್ನು ಕೇಳಿ, ಅವರು ಹೇಳಿದ ಹೆಸರನ್ನು ಕನ್ನಡದಲ್ಲೇ ಸೇರಿಸಿ.