ಬಿಸಿಲು ತೊಳೆಯುವ ಗಾಜು

ನಾಲ್ಕಾರು ವರ್ಷ ಬಿಸಿಲು ಕಂಡ ಬಿಳಿ ಗೇಟಿನ ಮೇಲೆ ಅಂಗೈ ಸವರಿ ನೋಡಿ. ಸೀಮೆಸುಣ್ಣ ಹಿಡಿದ ಹಾಗೆ ಕೈಗೆ ಬಿಳಿ ಪುಡಿ ಅಂಟುತ್ತದೆ. ಅದರಲ್ಲಿರುವುದು ಬಣ್ಣಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್. ಅದನ್ನು ಹಿಡಿದಿಟ್ಟಿದ್ದ ಅಂಟನ್ನು ಬಿಸಿಲು ಕೆಡಿಸಿದೆ, ಅದರಲ್ಲಿ ಈ ಪುಡಿಯ ಕೈವಾಡವೂ ಉಂಟು. ಬಿಸಿಲು ಬಿದ್ದರೆ ಸಾಕು, ಪಕ್ಕದಲ್ಲಿರುವ ಅಂಟನ್ನೇ ಕಚ್ಚಿ ತಿನ್ನುವ ಸ್ವಭಾವ ಇದರದು. ಅದಕ್ಕೇ ಬಣ್ಣ ತಯಾರಿಸುವವರು ಇದರ ಕಣಗಳಿಗೆ ಸಿಲಿಕಾ, ಅಲ್ಯುಮಿನಾಗಳ ತೆಳು ಕವಚ ತೊಡಿಸಿ ಬಾಯಿ ಕಟ್ಟುತ್ತಾರೆ.

ಈ ಬಾಯಿ ಬಿಚ್ಚಿ, ಕೊಳೆಯನ್ನು ತಿನ್ನಲು ಬಿಟ್ಟದ್ದೇ ತನ್ನನ್ನು ತಾನೇ ತೊಳೆದುಕೊಳ್ಳುವ ಲೇಪ.

ಇದರ ಬೇರು 1967ರಲ್ಲಿದೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಕೆನಿಚಿ ಹೋಂಡಾ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಅಕಿರಾ ಫುಜಿಶಿಮಾ, ನೀರಿನಲ್ಲಿ ಟೈಟಾನಿಯಂ ಡೈಆಕ್ಸೈಡಿನ ಹರಳಿಟ್ಟು ಬೆಳಕು ಹಾಯಿಸಿದರು. ಹರಳಿನ ಮೈಯಿಂದ ಗುಳ್ಳೆಗಳೆದ್ದವು. ದೀಪ ಆರಿಸಿದರೆ ಗುಳ್ಳೆಯೂ ನಿಂತಿತು. ಹರಳಿನ ಬಳಿ ಆಮ್ಲಜನಕ, ತಂತಿಯಿಂದ ಜೋಡಿಸಿದ್ದ ಪ್ಲಾಟಿನಂ ಬಳಿ ಜಲಜನಕ. ಬೆಳಕು ನೀರನ್ನು ಒಡೆದಿತ್ತು, ಹರಳು ಮಾತ್ರ ಸವೆದಿರಲಿಲ್ಲ. ಇದು 1972ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲಸ ಮಾಡಿಸಿಯೂ ತಾನು ಖರ್ಚಾಗದ ಇಂಥ ವಸ್ತುವಿಗೆ ದ್ಯುತಿ ವೇಗವರ್ಧಕ ಎಂದು ಹೆಸರು.

ಒಳಗೆ ನಡೆಯುವುದಿಷ್ಟು. ಬಿಸಿಲಿನ ನೇರಳಾತೀತ ಕಿರಣ ಬಡಿದಾಗ ಹರಳಿನೊಳಗಿನ ಎಲೆಕ್ಟ್ರಾನೊಂದು ಜಾಗ ಬಿಟ್ಟು ಮೇಲೇಳುತ್ತದೆ. ಖಾಲಿಯಾದ ಜಾಗ ಹಸಿದಂತಿರುತ್ತದೆ. ಮೇಲ್ಮೈಗಂಟಿದ ನೀರಿನ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅದನ್ನು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗಿಸುತ್ತದೆ. ಇದಕ್ಕೆ ಕ್ಷಣಕಾಲದ ಆಯಸ್ಸು, ಆದರೆ ಮಹಾ ಉಗ್ರ. ಎಣ್ಣೆ ಜಿಡ್ಡು, ಹೊಗೆಯ ಮಸಿ, ಪಾಚಿ ಯಾವುದು ಸಿಕ್ಕರೂ ತುಂಡರಿಸುತ್ತಾ ಹೋಗಿ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ.

ನನಗೆ ಇನ್ನೂ ಸೋಜಿಗವೆನಿಸುವುದು ಇದರ ಎರಡನೇ ಗುಣ. ಕೆಸುವಿನೆಲೆಯ ಮೇಲೆ ಮಳೆಹನಿ ಮುತ್ತಾಗಿ ಉರುಳಿ ಧೂಳನ್ನು ಹೊತ್ತೊಯ್ಯುವುದನ್ನು ಕಂಡಿದ್ದೇವೆ. ಇಲ್ಲಿ ಅದಕ್ಕೆ ತದ್ವಿರುದ್ಧ. ಬಿಸಿಲುಂಡ ಲೇಪದ ಮೇಲೆ ಹನಿ ನಿಲ್ಲುವುದೇ ಇಲ್ಲ. ಹಾಳೆಯಂತೆ ಹರಡಿ, ಕೊಳೆಯ ಅಡಿಗೆ ನುಗ್ಗಿ, ಅದನ್ನೆಬ್ಬಿಸಿ ಇಳಿದುಹೋಗುತ್ತದೆ. 1997ರಲ್ಲಿ ಫುಜಿಶಿಮಾ ಅವರೂ ಇದ್ದ ತಂಡ ಈ ಗುಣವನ್ನು ವಿವರಿಸಿತು. ಹನಿಯಿಲ್ಲದ ಮೇಲೆ ಮಬ್ಬೂ ಇಲ್ಲ, ಒಣಗಿದ ಹನಿಯ ಕಲೆಯೂ ಇಲ್ಲ.

2001ರಲ್ಲಿ ಬ್ರಿಟನ್ನಿನ ಪಿಲ್ಕಿಂಗ್ಟನ್ ಕಂಪನಿ ಇಂಥ ಕಿಟಕಿ ಗಾಜನ್ನು ಮಾರುಕಟ್ಟೆಗೆ ತಂದಿತು. ಅದರ ಲೇಪ ತಲೆಗೂದಲಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. 2003ರಲ್ಲಿ ರೋಮ್ ನಗರದಲ್ಲಿ ತೆರೆದ ಜುಬಿಲಿ ಚರ್ಚಿನ ಹಾಯಿಪಟದಂಥ ಬಿಳಿ ಗೋಡೆಗಳ ಸಿಮೆಂಟಿನಲ್ಲೂ ಇದೇ ಪುಡಿ ಬೆರೆತಿದೆ.

ಆದರೆ ಇದು ಮಣ್ಣನ್ನು ತಿನ್ನಲಾರದು. ಮಣ್ಣನ್ನು ಗಾಜಿಗೆ ಕಚ್ಚಿಸಿದ ಜಿಡ್ಡನ್ನಷ್ಟೇ ತಿನ್ನುತ್ತದೆ. ಉಳಿದದ್ದು ನೀರಿನ ಪಾಲು. ಬಿಸಿಲಿನಲ್ಲಿ ನೇರಳಾತೀತದ ಪಾಲು ಶೇ. 5ರಷ್ಟು ಮಾತ್ರ, ಮನೆಯೊಳಗಂತೂ ಅದೂ ವಿರಳ. ಗೋಚರ ಬೆಳಕಿಗೂ ಹರಳು ಎಚ್ಚರಗೊಳ್ಳಲೆಂದು ಅದಕ್ಕೆ ಸಾರಜನಕ ಬೆರೆಸುವ ಪ್ರಯತ್ನ ನಡೆದಿರುವುದು ಅದಕ್ಕಾಗಿಯೇ. ನಮ್ಮ ಬಯಲುಸೀಮೆಯ ಬೇಸಿಗೆಗೆ ಬಿಸಿಲಿನ ಬರವಿಲ್ಲ, ಮಳೆಯದ್ದೇ ಬರ. ಅಂಥ ತಿಂಗಳಲ್ಲಿ ಈ ಗಾಜಿಗೆ ಒಂದು ಬಕೆಟ್ ನೀರು ಎರಚಬೇಕಾಗುತ್ತದೆ. ಉಜ್ಜುವ ಕೆಲಸವನ್ನು ಬಿಸಿಲು ಆಗಲೇ ಮುಗಿಸಿರುತ್ತದೆ.