ಸಮುದ್ರದಲ್ಲಿ ಕಾಣೆಯಾದ ಹಿರಿಯರು, ಕಾಗದದಲ್ಲಿ ಉಳಿದ ಹೆಸರು

ಹಡಗು ಮುಳುಗಿ ಸತ್ತವರಲ್ಲಿ ಬಹಳಷ್ಟು ಜನರಿಗೆ ಸಮಾಧಿ ಇರುವುದಿಲ್ಲ. ಮರಣದ ದಾಖಲೆಯೂ ಒಂದೇ ಕಡೆ ಸಿಗುವುದಿಲ್ಲ. ಆ ಮನುಷ್ಯ ಹಡಗು ಹತ್ತಿದ್ದು ಪ್ರಯಾಣಿಕನಾಗಿಯೋ, ಖಲಾಸಿಯಾಗಿಯೋ, ನೌಕಾದಳದ ಸಿಪಾಯಿಯಾಗಿಯೋ ಎಂಬುದು ತಿಳಿದರೆ ಅವನ ಹೆಸರು ಯಾವ ಕಾಗದದಲ್ಲಿ ಉಳಿದೀತು ಎಂಬುದೂ ತಿಳಿಯುತ್ತದೆ. ಪುಣೆ ಕಡಲತೀರದ ಊರಲ್ಲದಿದ್ದರೂ ಈ ಹುಡುಕಾಟಕ್ಕೆ ಅನುಕೂಲವಾದ ಜಾಗ. ಮರಾಠಾ ಆಡಳಿತದ ಕಡತಗಳೂ ಹಳೆಯ ಪತ್ರಿಕೆಗಳೂ ಊರಲ್ಲೇ ಇವೆ. ನಾವಿಕರ ಸ್ಮಾರಕವಿರುವ ಮುಂಬೈ ರೈಲಿನಲ್ಲಿ ಮೂರು-ನಾಲ್ಕು ತಾಸಿನ ದಾರಿ.

ಮೊದಲು ಹುಡುಕಬೇಕಾದದ್ದು ಮನೆಯಲ್ಲಿ. ಹಳೆಯ ಕಾಗದ, ಮನಿಯಾರ್ಡರ್ ರಸೀದಿ, ನಾವಿಕನ ನೌಕರಿ ಪುಸ್ತಕ, ಫೋಟೋದ ಹಿಂಬದಿಯ ಬರಹ ಇವೆಲ್ಲ ಕೆಲಸಕ್ಕೆ ಬರುತ್ತವೆ. ಇಸವಿ ಮರೆತ ಮನೆಯಲ್ಲೂ ಶ್ರಾದ್ಧದ ತಿಥಿ ನೆನಪಿರುತ್ತದೆ. ವರ್ಷದ ಅಂದಾಜು ಸಿಕ್ಕರೆ ಹಳೆಯ ಪಂಚಾಂಗ ನೋಡಿ ತಾರೀಖು ಹಿಡಿಯಬಹುದು. ಒಂದು ಎಚ್ಚರಿಕೆ ಬೇಕು: ಸತ್ತ ದಿನ ಗೊತ್ತಿಲ್ಲದವರಿಗೆ ಅಮಾವಾಸ್ಯೆಯಂದು ಶ್ರಾದ್ಧ ಮಾಡುವ ಪದ್ಧತಿಯೂ ಇದೆ. ಹಾಗಾಗಿ ಅಮಾವಾಸ್ಯೆಯ ತಿಥಿಯೊಂದನ್ನೇ ನಂಬದೆ ಬೇರೆ ಕಾಗದದೊಂದಿಗೆ ತಾಳೆ ನೋಡಬೇಕು.

ಆದರೆ ಕೆಲವೊಮ್ಮೆ ಅಮಾವಾಸ್ಯೆಯೇ ನಿಜವಾದ ದಿನವಾಗಿರುತ್ತದೆ. 1947ರ ಜುಲೈ 17ರ ಬೆಳಿಗ್ಗೆ ಮುಂಬೈನಿಂದ ಹತ್ತಿರದ ರೇವಸ್ ಬಂದರಿಗೆ ಹೊರಟ ‘ರಾಮದಾಸ್’ ಹಡಗು ಮಳೆಗಾಲದ ಅಲೆಗೆ ಸಿಕ್ಕಿ, ಕಾಸಾ ಎಂಬ ಬಂಡೆದ್ವೀಪದ ಬಳಿ ಮಗುಚಿತು. 600ಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಲ್ಲಿ ಭೀಮನ ಅಮಾವಾಸ್ಯೆ ಎನ್ನುವ ಆಷಾಢದ ಅಮಾವಾಸ್ಯೆಗೆ ಮಹಾರಾಷ್ಟ್ರದಲ್ಲಿ ಗಟಾರಿ ಎಂಬ ಹೆಸರಿದೆ. ಅದಕ್ಕಾಗಿ ಊರಿಗೆ ಹೊರಟವರು ಹಡಗಿನಲ್ಲಿ ಬಹಳ ಮಂದಿ ಇದ್ದರು. ‘ಸ್ವಾತಂತ್ರ್ಯ ಬಂದ ವರ್ಷ, ಗಟಾರಿಯ ಹೊತ್ತಿಗೆ’ ಎಂದು ಮನೆಯ ಹಿರಿಯರು ಹೇಳುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಹಡಗನ್ನು. ಇಂಥ ಹತ್ತಿರದ ಪ್ರಯಾಣದ ಟಿಕೆಟಿನಲ್ಲಿ ಸಾಮಾನ್ಯವಾಗಿ ಹೆಸರು ಬರೆಯುತ್ತಿರಲಿಲ್ಲ. ಆದ್ದರಿಂದ ಆ ವಾರದ ಪತ್ರಿಕೆಗಳೇ ಮುಖ್ಯ ಆಧಾರ. 1881ರಲ್ಲಿ ಪುಣೆಯಲ್ಲಿ ಶುರುವಾದ ‘ಕೇಸರಿ’ಯ ಹಳೆಯ ಸಂಚಿಕೆಗಳನ್ನೂ, 1848ರಲ್ಲಿ ಹುಟ್ಟಿದ ಪುಣೆ ನಗರ ವಾಚನ ಮಂದಿರದಂಥ ಗ್ರಂಥಾಲಯಗಳನ್ನೂ ವಿಚಾರಿಸಬಹುದು.

ವಿದೇಶಕ್ಕೆ ಹೊರಟ ಹಡಗುಗಳ ವಿಷಯ ಬೇರೆ. ಅಲ್ಲಿ ಕಂಪನಿ ಲೆಕ್ಕ ಇಡುತ್ತಿತ್ತು. 1942ರ ನವೆಂಬರ್ 20ರಂದು ಮುಂಬೈನಿಂದ ಆಫ್ರಿಕಾಕ್ಕೆ ಹೊರಟ ‘ತಿಲಾವಾ’ ಹಡಗನ್ನು 23ರ ನಸುಕಿನಲ್ಲಿ ಜಪಾನಿನ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು, 678 ಮಂದಿ ಬದುಕಿದರು. ಅದರೊಂದಿಗೆ ಮುಳುಗಿದ್ದ 2,364 ಬೆಳ್ಳಿ ಗಟ್ಟಿಗಳನ್ನು 2017ರಲ್ಲಿ ಮೇಲೆತ್ತಿದರು. ಅವುಗಳ ವ್ಯಾಜ್ಯ 2024ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸತ್ತವರ ಮನೆಯವರು ಮಾತ್ರ ತಾವಾಗಿಯೇ ಒಬ್ಬರನ್ನೊಬ್ಬರು ಹುಡುಕಿಕೊಂಡು, ದುರಂತಕ್ಕೆ 80 ವರ್ಷ ತುಂಬಿದ 2022ರಲ್ಲಿ ಮುಂಬೈನಲ್ಲಿ ಸೇರಿದರು. ಅಧಿಕೃತ ಪಟ್ಟಿಯ ಹೆಸರಿಗೆ ಊರು, ಸಂಬಂಧ, ಮುಖಚಹರೆ ಕೂಡುವುದು ಇಂಥ ಕುಟುಂಬಗಳ ನೆನಪಿನಿಂದಲೇ.

ಹಡಗಿನ ಕೆಲಸಗಾರರನ್ನು ಹುಡುಕುವ ದಾರಿ ಮತ್ತೊಂದು. ಬ್ರಿಟಿಷ್ ಹಡಗುಗಳಲ್ಲಿ ಖಲಾಸಿಗಳ ಮುಖ್ಯಸ್ಥನಾದ ಸಾರಂಗ, ಅವನ ಕೆಳಗಿನ ತಾಂಡೇಲ, ಖಲಾಸಿ, ಬೆಂಕಿಗೆ ಕಲ್ಲಿದ್ದಲು ಹಾಕುವವನು, ಅಡುಗೆಯವನು ಎಂದು ಸಾವಿರಾರು ಭಾರತೀಯರು ದುಡಿದರು. ಉತ್ತರ ಕನ್ನಡದ ಗೇರುಸೊಪ್ಪೆಯ ಹೆಸರು ಹೊತ್ತ ‘ಗೈರ್ಸೊಪ್ಪ’ ಎಂಬ ಸರಕು ಹಡಗು ಅಂಥದ್ದು. ಕಲ್ಕತ್ತೆಯಿಂದ ಚಹಾ, ಕಬ್ಬಿಣ, ಬೆಳ್ಳಿ ತುಂಬಿಕೊಂಡು ಹೊರಟ ಅದು ಕಲ್ಲಿದ್ದಲು ಸಾಲದೆ ಬೆಂಗಾವಲು ಹಡಗುಗಳಿಂದ ಬೇರೆಯಾಯಿತು. 1941ರ ಫೆಬ್ರುವರಿಯಲ್ಲಿ ಐರ್ಲೆಂಡಿನ ನೈಋತ್ಯಕ್ಕೆ ಜರ್ಮನ್ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಒಂದೇ ಒಂದು ದೋಣಿ ಸುಮಾರು ಎರಡು ವಾರ ತೇಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರ ಮುಟ್ಟಿತು. ಕೊನೆಗೆ ಜೀವಂತ ಉಳಿದವನು ಸೆಕೆಂಡ್ ಆಫೀಸರ್ ರಿಚರ್ಡ್ ಏರ್ಸ್ ಒಬ್ಬನೇ. 2011ರಲ್ಲಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗು ಪತ್ತೆಯಾಯಿತು. ಬೆಳ್ಳಿಯ ಜೊತೆ 700ಕ್ಕೂ ಹೆಚ್ಚು ಅಂಚೆ ಪತ್ರಗಳೂ ಮೇಲೆ ಬಂದವು. ಬೆಳಕೂ ಗಾಳಿಯೂ ಸೇರದ ಆಳದಲ್ಲಿ ಒತ್ತೊತ್ತಾಗಿ ಕೂತಿದ್ದರಿಂದ 70 ವರ್ಷದ ಮೇಲೂ ಅವನ್ನು ಓದಲು ಬರುತ್ತಿತ್ತು.

ಇಂಥ ಖಲಾಸಿಗಳ ಹೆಸರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆ ನೋಡಬೇಕು. ಪುಣೆಯವರಿಗೆ ತಟ್ಟನೆ ನೆನಪಾಗುವ ಖಡಕಿಯ ಯುದ್ಧ ಸ್ಮಾರಕದಲ್ಲಿ ಇರುವುದು ಮುಖ್ಯವಾಗಿ ಭಾರತದ ನೆಲದ ಮೇಲೆ ಸತ್ತ ಸೈನಿಕರ ಹೆಸರು. ಕಡಲೇ ಸಮಾಧಿಯಾದವರ ಪಟ್ಟಿ ಮುಂಬೈ ಮಸೀದಿ ಬಂದರಿನ ನಾವಿಕರ ಗೃಹದಲ್ಲಿದೆ: ಮೊದಲ ಮಹಾಯುದ್ಧದ 2,000ಕ್ಕೂ ಹೆಚ್ಚು ಹೆಸರು, ಎರಡನೆಯದರ ಸುಮಾರು 6,500 ಹೆಸರು. ಎರಡನೆಯ ಯುದ್ಧದ ಹೆಸರುಗಳ ಪುಸ್ತಕಕ್ಕೆ ಚಿತ್ತಗಾಂಗ್‌ನಲ್ಲಿ ಇನ್ನೊಂದು ಪ್ರತಿಯಿದೆ. ಆಯೋಗದ ಇದೇ ದಾಖಲೆಯನ್ನು ಮನೆಯಲ್ಲಿ ಕೂತು ಇಂಟರ್‌ನೆಟ್ಟಿನಲ್ಲೂ ನೋಡಬಹುದು. ಹುಡುಕುವಾಗ ವ್ಯಕ್ತಿಯ ಹೆಸರಿಗಿಂತ ಹಡಗಿನ ಹೆಸರು ಹಿಡಿಯುವುದು ಲೇಸು. ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡದ್ದರಿಂದ ಒಂದೇ ಹೆಸರು ಹತ್ತು ಬಗೆಯಲ್ಲಿ ಸಿಗುತ್ತದೆ. ಹಡಗಿನ ಪಟ್ಟಿ ತೆಗೆದು ತಂದೆಯ ಹೆಸರು, ವಯಸ್ಸು, ಹುದ್ದೆ, ಊರು ಇದ್ದಷ್ಟನ್ನು ಹೊಂದಿಸಿ ನೋಡಬೇಕು. ಇನ್ನೂ ಮುಂದೆ ಹೋಗುವವರಿಗೆ ಲಂಡನ್ನಿನ ರಾಷ್ಟ್ರೀಯ ದಾಖಲೆಗೃಹವಿದೆ. ಬ್ರಿಟಿಷ್ ಹಡಗುಗಳ 1863ರಿಂದ 1938ರವರೆಗಿನ ನೌಕರಿ ಕರಾರುಗಳ ದೊಡ್ಡ ಪಾಲು ಕೆನಡಾದ ನ್ಯೂಫೌಂಡ್‌ಲೆಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿದೆ.

ಹದಿನೆಂಟನೆಯ ಶತಮಾನಕ್ಕೆ ಹೋದರೆ ಪಟ್ಟಿಗಳ ಜಾಗದಲ್ಲಿ ಮರಾಠಾ ಆಡಳಿತದ ಕಡತಗಳ ಸಂಗ್ರಹವಾದ ಪೇಶ್ವೆ ದಫ್ತರ ಬರುತ್ತದೆ. ಪುಣೆ ಪುರಾಭಿಲೇಖಾಗಾರದಲ್ಲಿ ಆ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟ ಹತ್ತಾರು ಸಾವಿರ ರುಮಾಲುಗಳು, ಅಂದರೆ ಗಂಟುಗಳು, ಇವೆ. ಹೆಚ್ಚಿನವು ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿರುವುದರಿಂದ ಓದಬಲ್ಲವರ ನೆರವು ಬೇಕು; ಉತ್ತರ ಕರ್ನಾಟಕದ ಕುಲಕರ್ಣಿ ಮನೆತನಗಳಿಗೆ ಈ ಲಿಪಿ ಹೊಸದಲ್ಲ. 1910ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲೂ ಮೋಡಿ ಕಾಗದಗಳ ದೊಡ್ಡ ಸಂಗ್ರಹವಿದೆ.

ಕೊನೆಯ ಸಾಕ್ಷಿ ಹೆಚ್ಚಾಗಿ ಜಮೀನಿನ ಕಾಗದದಲ್ಲಿರುತ್ತದೆ. ದೇಹ ಸಿಗದಿದ್ದರೆ ವಾರಸುದಾರಿಕೆ ಸುಲಭವಾಗಿ ಇತ್ಯರ್ಥವಾಗುತ್ತಿರಲಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದವರು ಬದುಕಿದ್ದಾರೆಂದು ಸಾಬೀತು ಮಾಡುವ ಹೊಣೆ, ಬದುಕಿದ್ದಾರೆ ಎನ್ನುವವರದೇ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. ಹೀಗಾಗಿ ಹಡಗು ಮುಳುಗಿ ಎಷ್ಟೋ ವರ್ಷದ ಮೇಲೆ ಮಹಾರಾಷ್ಟ್ರದ ಸಾತ್-ಬಾರಾ ಎಂಬ ಜಮೀನು ಉತಾರೆಗೆ ಸಂಬಂಧಿಸಿದ ಫೇರ್‌ಫಾರ್ ಎಂಬ ಹಕ್ಕು ಬದಲಾವಣೆಯ ವಹಿಯಲ್ಲಿ, ಕರ್ನಾಟಕದ ಮ್ಯುಟೇಶನ್ ವಹಿಯಲ್ಲಿ ಹೆಂಡತಿ-ಮಕ್ಕಳ ಹೆಸರು ಏರಿರಬಹುದು. ಆ ನಮೂದಿನ ಹೆಸರು, ತಂದೆಯ ಹೆಸರು, ಊರು ಹಡಗಿನ ಪಟ್ಟಿಯೊಂದಿಗೆ ಕೂಡಿ ಬಂದರೆ ಎರಡೂ ಕಡೆಯ ಮನುಷ್ಯ ಒಬ್ಬನೇ ಎಂದು ಧೈರ್ಯವಾಗಿ ಹೇಳಬಹುದು. ಒಂದೇ ಕಾಗದ ಸಿಕ್ಕಿದ್ದರೆ ವಂಶವೃಕ್ಷದಲ್ಲಿ ಆ ಹೆಸರಿನ ಮುಂದೆ ‘ಸಂಭವ’ ಎಂದು ಬರೆದಿಡುವುದು ಸರಿಯಾದ ಕ್ರಮ.